ಎರಡು ವಿಮಾನ, ಒಂದು ರೆಕ್ಕೆಯ ಅಚ್ಚು

೧೯೩೩ನೆಯ ಇಸವಿ ಏಪ್ರಿಲ್ ೧ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ಭಾರತೀಯ ವಾಯುಪಡೆಯ ಮೊದಲನೆಯ ಸ್ಕ್ವಾಡ್ರನ್ ಸ್ಥಾಪನೆಯಾಯಿತು. ಅಂದು ಅದರ ಬಳಿ ಇದ್ದ ವಿಮಾನಗಳು ನಾಲ್ಕೇ ನಾಲ್ಕು. ನಾಲ್ಕೂ ವೆಸ್ಟ್‌ಲ್ಯಾಂಡ್ ವಾಪಿಟಿ ಎಂಬ ಜಾತಿಯವು. ಅವನ್ನು ಹಾರಿಸಿದ ಮೊದಲ ತಂಡದಲ್ಲಿದ್ದ ಸುಬ್ರತೋ ಮುಖರ್ಜಿಯವರು ಮುಂದೆ ೧೯೫೪ರಲ್ಲಿ ವಾಯುಪಡೆಯ ಪ್ರಥಮ ಭಾರತೀಯ ಮುಖ್ಯಸ್ಥರಾದರು. ವಾಪಿಟಿ ಎಂಬುದು ಉತ್ತರ ಅಮೆರಿಕದ ಒಂದು ದೊಡ್ಡ ಜಿಂಕೆಯ ಹೆಸರು. ಆದರೆ ಈ ವಿಮಾನದ ಚಿತ್ರವನ್ನು ನೋಡಿದವರಿಗೆ ಜಿಂಕೆಯ ನೆನಪು ಬರಲಾರದು. ಒಂದರ ಮೇಲೊಂದರಂತೆ ಎರಡು ಜೊತೆ ರೆಕ್ಕೆಗಳು, ಅವುಗಳ ನಡುವೆ ಕಂಬಗಳು, ಕಂಬಗಳ ನಡುವೆ ಬಿಗಿದ ತಂತಿಗಳು, ಮೂಗಿನ ತುದಿಯಲ್ಲಿ ಬಯಲಿಗೇ ನಿಂತ ಒಂಬತ್ತು ಸಿಲಿಂಡರುಗಳ ಎಂಜಿನ್, ಬೆನ್ನ ಮೇಲೆ ತೆರೆದ ಕುಳಿಗಳಲ್ಲಿ ಒಬ್ಬರ ಹಿಂದೆ ಒಬ್ಬರು ಕುಳಿತ ಇಬ್ಬರು. ನಮ್ಮ ಕಡೆಯ ಭಾರದ ಬಂಡಿಗೆ ರೆಕ್ಕೆ ಹಚ್ಚಿದಂತೆ ಕಾಣುತ್ತದೆ.

ಈ ವಾಪಿಟಿಯ ಮಾದರಿಯೊಂದನ್ನು, ಮೂಲದ ೪೮ನೆಯ ಒಂದು ಪಾಲಿನ ಗಾತ್ರದಲ್ಲಿ, ಪ್ಲಾಸ್ಟಿಕ್ ಹಾಳೆಯಿಂದ ಈ ವರ್ಷ ನಾನು ಮಾಡಿದ್ದೇನೆ. ಇತಿಹಾಸದ ವಿದ್ಯಾರ್ಥಿಗೆ ಪ್ಲಾಸ್ಟಿಕ್ಕಿನ ಗೊಡವೆ ಏಕೆಂದು ಕೇಳಿದವರುಂಟು. ಅವರಿಗೆ ಆಗ ಹೇಳಲು ಆಗದೆ ಹೋದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾಡುವ ಕ್ರಮವನ್ನೂ ಸಾಕಷ್ಟು ವಿವರವಾಗಿ ಕೊಟ್ಟಿದ್ದೇನೆ. ಏಕೆಂದರೆ ನನಗೆ ತಿಳಿದುಬಂದ ಇತಿಹಾಸದ ಸಂಗತಿಯು ಆ ಕ್ರಮದ ನಡುವಿನಿಂದಲೇ ಎದ್ದು ಬಂದಿತು.

ಪ್ಲಾಸ್ಟಿಕ್ ಮಾದರಿಗಳನ್ನು ಸಾಮಾನ್ಯವಾಗಿ ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬಿ ತಯಾರಿಸುತ್ತಾರೆ. ಆ ಅಚ್ಚು ಬಹಳ ದುಬಾರಿ. ಸಾವಿರಾರು ಪ್ರತಿಗಳು ಮಾರಾಟವಾದರೆ ಮಾತ್ರ ಹಾಕಿದ ಹಣ ಹಿಂದಿರುಗುತ್ತದೆ. ಆದುದರಿಂದ ಹೆಸರಾದ ವಿಮಾನಗಳಿಗೆ ಮಾದರಿಗಳು ಹೇರಳವಾಗಿವೆ, ವಾಪಿಟಿಯಂಥ ಮರೆತ ವಿಮಾನಗಳಿಗೆ ವಿರಳ. ಇಂಥ ವಿರಳ ವಿಮಾನಗಳಿಗಾಗಿ ಹವ್ಯಾಸಿಗಳು ಹಿಡಿದ ದಾರಿಯೇ ನಿರ್ವಾತದಿಂದ ರೂಪ ಕೊಡುವ ಪದ್ಧತಿ. ವ್ಯಾಕ್ಯೂಮ್ ಫಾರ್ಮಿಂಗ್ ಎಂದು ಅದಕ್ಕೆ ಹೆಸರು. ಹೆಸರು ಹೊಸದೆನಿಸಿದರೂ ಅದರ ಫಲವನ್ನು ನಾವೆಲ್ಲ ದಿನವೂ ಮುಟ್ಟುತ್ತೇವೆ. ಫ್ರಿಜ್ಜಿನ ಒಳಗಿನ ಬಿಳಿ ಗೋಡೆ, ಮಿಠಾಯಿ ಅಂಗಡಿಯ ಡಬ್ಬಿಯೊಳಗಿನ ಗುಳಿಗಳುಳ್ಳ ತಟ್ಟೆ ಮುಂತಾದವು ಹುಟ್ಟುವುದು ಹೀಗೆಯೇ. ಹಾಳೆಯನ್ನು ಕಾಯಿಸಿ ಮೆತ್ತಗೆ ಮಾಡುವುದು, ಅಚ್ಚಿನ ಮೇಲೆ ಹೊದಿಸುವುದು, ಹಾಳೆಯ ಕೆಳಗಿನ ಗಾಳಿಯನ್ನು ಹೀರಿ ತೆಗೆಯುವುದು. ಆಗ ಮೇಲಿನ ಗಾಳಿಯು ಹಾಳೆಯನ್ನು ಅಚ್ಚಿಗೆ ಒತ್ತಿ ಕೂಡಿಸುತ್ತದೆ.

ಇಲ್ಲಿ ಕೆಲಸ ಮಾಡುವುದು ಪಂಪು ಎಂದು ಮೊದಲು ತೋರುತ್ತದೆ. ನಿಜವಾಗಿ ಕೆಲಸ ಮಾಡುವುದು ನಮ್ಮ ತಲೆಯ ಮೇಲಿರುವ ಗಾಳಿ. ಅದರ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಂ. ನಾನು ಮಾಡಿಕೊಂಡ ಪೆಟ್ಟಿಗೆಯ ಬಾಯಿ ೨೫ ಸೆಂಟಿಮೀಟರ್ ಉದ್ದ, ೨೦ ಸೆಂಟಿಮೀಟರ್ ಅಗಲ, ಎಂದರೆ ೫೦೦ ಚದರ ಸೆಂಟಿಮೀಟರ್. ಕೆಳಗಿನ ಗಾಳಿಯ ಮುಕ್ಕಾಲು ಪಾಲನ್ನು ತೆಗೆದರೆ ಸಾಕು, ಹಾಳೆಯ ಮೇಲೆ ೩೭೫ ಕಿಲೋ ಭಾರ ಬೀಳುತ್ತದೆ. ತೊಗರಿಯ ಲೆಕ್ಕದಲ್ಲಿ ಹೇಳುವುದಾದರೆ ಮೂರೂ ಮುಕ್ಕಾಲು ಕ್ವಿಂಟಾಲ್. ಅಷ್ಟು ಭಾರವನ್ನು ಎಲ್ಲ ಕಡೆಗೂ ಸಮನಾಗಿ, ಒಂದು ಮೂಲೆಯನ್ನೂ ಬಿಡದಂತೆ ಒತ್ತಬಲ್ಲ ಕೈಯಾಗಲಿ ಯಂತ್ರವಾಗಲಿ ನಮ್ಮಂಥವರಿಗೆ ಬೇರೆಲ್ಲಿ ಸಿಕ್ಕೀತು?

ತೊಡಕು ಇರುವುದು ವೇಳೆಯಲ್ಲಿ. ನಾನು ಬಳಸಿದ್ದು ಹೈ-ಇಂಪ್ಯಾಕ್ಟ್ ಪಾಲಿಸ್ಟೈರೀನ್ ಎಂಬ ಬಿಳಿಯ ಹಾಳೆ. ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡಿನ ಹೊತ್ತಿಗೆ ಅದು ಮೆತ್ತಗಾಗತೊಡಗುತ್ತದೆ. ಇನ್ನಷ್ಟು ಕಾದ ಮೇಲೆ ನಡುವೆ ಜೋಲು ಬೀಳುತ್ತದೆ. ಒಲೆಯಿಂದ ತೆಗೆದ ಕೆಲವೇ ಕ್ಷಣಗಳಲ್ಲಿ ಮತ್ತೆ ಬಿರುಸಾಗುತ್ತದೆ. ಸಣ್ಣ ಪಂಪು ತನ್ನ ನಿಧಾನಗತಿಯಲ್ಲಿ ಗಾಳಿಯನ್ನು ಎಳೆದು ಮುಗಿಸುವಷ್ಟರಲ್ಲಿ ಹಾಳೆ ಆರಿ ಹೋಗಿರುತ್ತದೆ. ಆದ್ದರಿಂದ ನಿರ್ವಾತವನ್ನು ಮೊದಲೇ ಕೂಡಿಟ್ಟುಕೊಂಡಿರಬೇಕು. ಬೇಸಗೆಗೆಂದು ನೀರನ್ನು ಕೂಡಿಡುವಂತೆ. ಇದಕ್ಕೆ ಒಂದು ಟ್ಯಾಂಕು ಬೇಕು.

ಕಲ್ಲು, ಸಿಮೆಂಟು ಸಾಗಿಸುವ ಲಾರಿಗಳು ನಮ್ಮ ಸೀಮೆಯಲ್ಲಿ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಅವುಗಳ ಏರ್ ಬ್ರೇಕಿನ ಟ್ಯಾಂಕು ದಪ್ಪ ಉಕ್ಕಿನದು. ವಾಡಿಯ ಒಂದು ಗುಜರಿ ಅಂಗಡಿಯಲ್ಲಿ ೨೫ ಲೀಟರು ಹಿಡಿಯುವ ಇಂಥದೊಂದು ಸಿಕ್ಕಿತು. "ಗಾಳಿ ತುಂಬೋ ಟ್ಯಾಂಕಿನಾಗಿಂದ ಗಾಳಿ ತಗೀತೀನಂತೀ ಅಲ್ಲೋ ತಮ್ಮಾ, ಹಿಂಗ್ಯಾಕ ಉಲ್ಟಾ?" ಎಂದು ಅಂಗಡಿಯವರು ನಕ್ಕು, ತೂಕದ ದರಕ್ಕೇ ಕೊಟ್ಟರು. ತೆಳ್ಳನೆಯ ಎಣ್ಣೆಯ ಡಬ್ಬಿಯಾಗಿದ್ದರೆ ಹೊರಗಿನ ಗಾಳಿ ಅದನ್ನು ಹಪ್ಪಳದಂತೆ ಒತ್ತಿ ಹಾಕುತ್ತಿತ್ತು. ಹಾಳಾದ ಫ್ರಿಜ್ಜಿನಿಂದ ಬಿಚ್ಚಿದ ಕಂಪ್ರೆಸರ್ ಪಂಪಿನ ಕೆಲಸ ಮಾಡಿತು. ಅದರ ಹೀರುವ ಕೊಳವೆಯನ್ನು ಟ್ಯಾಂಕಿಗೆ ಜೋಡಿಸಿದರಾಯಿತು. ಉಗುಳುವ ಕೊಳವೆಯಿಂದ ಎಣ್ಣೆ ಸಿಡಿಯುವುದರಿಂದ ಅದನ್ನು ಬಟ್ಟೆ ತುರುಕಿದ ಬಾಟಲಿಗೆ ಬಿಡಬೇಕು. ಟ್ಯಾಂಕಿಗೂ ಪೆಟ್ಟಿಗೆಗೂ ನಡುವೆ ಥಟ್ಟನೆ ತೆರೆಯಬಲ್ಲ ಒಂದು ಬಾಲ್ ವಾಲ್ವ್.

ಬಾಯಿಲ್ ನಿಯಮವನ್ನು ಪಿ.ಯು.ಸಿ.ಯಲ್ಲಿ ಓದಿದವರು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಟ್ಯಾಂಕಿನಲ್ಲಿ ಹತ್ತನೆಯ ಒಂದು ಪಾಲು ಗಾಳಿ ಉಳಿಯುವವರೆಗೆ ಪಂಪು ನಡೆಸಿದೆ ಎನ್ನಿ. ಪೆಟ್ಟಿಗೆಯ ಒಳಗಿನ ಜಾಗ ೫ ಲೀಟರು, ಅದರಲ್ಲಿ ಪೂರ್ತಿ ಗಾಳಿ. ವಾಲ್ವ್ ತೆರೆದೊಡನೆ ಎರಡೂ ಕೂಡಿ ೩೦ ಲೀಟರಿನ ಒಂದೇ ಪಾತ್ರೆಯಾಗುತ್ತವೆ. ಅದರೊಳಗೆ ಇರುವುದು ಏಳೂವರೆ ಲೀಟರಿನಷ್ಟು ಗಾಳಿ. ಎಂದರೆ ಒತ್ತಡ ಕಾಲು ಭಾಗಕ್ಕೆ ಇಳಿಯಿತು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮೇಲೆ ಹೇಳಿದ ಮುಕ್ಕಾಲು ಪಾಲಿನ ಲೆಕ್ಕ ಇಲ್ಲಿಂದ ಬಂದದ್ದು. ಪೆಟ್ಟಿಗೆಯ ಮುಚ್ಚಳಕ್ಕೆ ಒಳಗಿನಿಂದ ಗೂಟಗಳನ್ನು ಆಧಾರ ಕೊಡದಿದ್ದರೆ ಪ್ಲೈವುಡ್ಡು ಬಗ್ಗಿ ಒಡೆಯುವುದೆಂಬುದೂ ಇದೇ ಲೆಕ್ಕದಿಂದ ತಿಳಿಯುತ್ತದೆ.

ಇನ್ನು ಅಚ್ಚು. ೪೮ನೆಯ ಒಂದು ಪಾಲು ಎಂಬ ಪ್ರಮಾಣ ವಿಚಿತ್ರವಾಗಿ ಕಂಡೀತು. ಒಂದು ಅಡಿಗೆ ಕಾಲು ಅಂಗುಲ ಎಂದು ಹಿಡಿದರೆ ಬರುವುದು ಇದೇ. ಅಡಿ-ಅಂಗುಲಗಳಲ್ಲಿ ಕಟ್ಟಿದ ಆ ಕಾಲದ ಬ್ರಿಟಿಷ್ ವಿಮಾನಕ್ಕೆ ಇದು ಅನುಕೂಲ. ವಾಪಿಟಿಯ ರೆಕ್ಕೆಗಳ ಹರವು ೪೬ ಅಡಿ ೫ ಅಂಗುಲ, ಎಂದರೆ ೧೪.೧೫ ಮೀಟರ್, ಮಾದರಿಯಲ್ಲಿ ೨೯ ಸೆಂಟಿಮೀಟರಿಗೆ ತುಸು ಮೇಲೆ. ಒಡಲಿನ ಉದ್ದ ಸುಮಾರು ೨೦ ಸೆಂಟಿಮೀಟರ್ ಆಗುತ್ತದೆ. ಚಿಂಚೋಳಿಯ ಗೆಳೆಯನ ಮನೆಯವರ ಬಡಿಗತನದ ಅಂಗಡಿಯಲ್ಲಿ ಬಾಗಿಲು ಮಾಡಿ ಉಳಿದ ಸಾಗವಾನಿಯ ತುಂಡುಗಳು ಸಿಕ್ಕವು. ಒಡಲನ್ನು ಎಡ-ಬಲ ಎಂದು ಎರಡು ಹೋಳಾಗಿ ಕೆತ್ತಬೇಕು.

ಕೆತ್ತುವಾಗ ಗಮನಿಸಬೇಕಾದ ಸಂಗತಿಗಳು ಕೆಲವಿವೆ. ಅಚ್ಚಿನ ಮೇಲೆ ಹೊದಿಸಿದ ಹಾಳೆಯ ದಪ್ಪವು ಮಾದರಿಗೆ ಸೇರಿಕೊಳ್ಳುವುದರಿಂದ, ಒಂದು ಮಿಲಿಮೀಟರ್ ಹಾಳೆಗೆ ಅಚ್ಚನ್ನು ಎಲ್ಲ ಕಡೆಗೂ ಅಷ್ಟೇ ಕಿರಿದು ಮಾಡಬೇಕು. ಬಟ್ಟೆ ಹೊಲಿಯುವವರು ಅಂಚಿಗೆಂದು ಹೆಚ್ಚು ಬಿಡುತ್ತಾರೆ, ಇಲ್ಲಿ ಕಡಿಮೆ ಬಿಡುವುದು. ಬದಿಗಳು ನೇರ ನಿಲ್ಲಬಾರದು, ಒಳಕ್ಕೂ ಸರಿದಿರಬಾರದು. ಬುಡದ ಕಡೆಗೆ ತುಸು ಅಗಲವಾಗಿದ್ದರೇ ಆರಿದ ಹಾಳೆಯಿಂದ ಅಚ್ಚು ಬಿಡಿಸಿಕೊಂಡು ಬರುವುದು. ಬುಡದಲ್ಲಿ ಹಾಳೆ ಎಂದೂ ಚೂಪಾಗಿ ಮಡಿಯದೆ ಬಾಗಿಯೇ ಕೂಡುವುದರಿಂದ, ಕತ್ತರಿಸುವ ಗೆರೆಯ ಕೆಳಗೆ ಮೂರು ಮಿಲಿಮೀಟರಿನಷ್ಟು ಹೆಚ್ಚಿನ ಮರವನ್ನು ಉಳಿಸಿಕೊಳ್ಳಬೇಕು. ಗುಳಿ ಇದ್ದ ಕಡೆ ಸೂಜಿ ಗಾತ್ರದ ರಂಧ್ರ ಕೊರೆಯದಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಂಡು ಹಾಳೆ ಕೂಡುವುದಿಲ್ಲ. ಎತ್ತರದ ಎರಡು ಅಚ್ಚುಗಳನ್ನು ಹತ್ತಿರ ಹತ್ತಿರ ಇಟ್ಟರೆ ಅವುಗಳ ನಡುವೆ ಸೀರೆಯ ನೆರಿಗೆಯಂಥ ಮಡಿಕೆ ಏಳುತ್ತದೆ.

ರೆಕ್ಕೆಯ ಅಚ್ಚು ಬೇರೆ ತರಹದ್ದು. ಆ ಕಾಲದ ರೆಕ್ಕೆ ಎಂದರೆ ತೊಲೆ ಮತ್ತು ಪಕ್ಕೆಲುಬುಗಳ ಹಂದರಕ್ಕೆ ಬಟ್ಟೆ ಬಿಗಿದದ್ದು. ಪಕ್ಕೆಲುಬಿನ ಮೇಲೆ ಬಟ್ಟೆ ಎದ್ದು, ನಡುವೆ ನವಿರಾಗಿ ತಗ್ಗಿರುತ್ತದೆ. ಇದನ್ನು ತೋರಿಸಲು ಅಚ್ಚಿನ ಮೇಲೆ ಪಕ್ಕೆಲುಬಿನ ಸ್ಥಾನಗಳಲ್ಲೆಲ್ಲ ಹೊಲಿಗೆಯ ದಾರವನ್ನು ಅಂಟಿಸಿ ಮೇಲೆ ವಾರ್ನಿಷ್ ಬಳಿದೆ. ಅರ್ಧ ಮಿಲಿಮೀಟರ್ ಹಾಳೆ ಹೊದಿಸಿದಾಗ ದಾರದ ಏರು ಹಾಳೆಯಲ್ಲಿ ಮೆಲ್ಲಗೆ ಮೂಡಿತು. ಎಡಕ್ಕೊಂದು ಬಲಕ್ಕೊಂದು ಅರ್ಧರೆಕ್ಕೆಯ ಅಚ್ಚನ್ನು ಒಂದೇ ಹಲಗೆಯ ಮೇಲೆ ಕೂಡಿಸಿದ್ದರಿಂದ ಒಂದು ಎಳೆತಕ್ಕೆ ಒಂದು ಜೊತೆ ದೊರೆಯುತ್ತದೆ. ವಾಪಿಟಿಯ ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ ಎರಡಕ್ಕೂ ಹರವು ಹೆಚ್ಚು ಕಡಿಮೆ ಒಂದೇ. ಆದುದರಿಂದ ಎರಡು ಎಳೆತಗಳಲ್ಲಿ ವಿಮಾನವೊಂದಕ್ಕೆ ಬೇಕಾದ ನಾಲ್ಕು ಅರ್ಧರೆಕ್ಕೆಗಳೂ ಸಿದ್ಧ. ಹೊಟ್ಟೆಯ ಕಡೆ ಬಹುತೇಕ ಚಪ್ಪಟೆಯಾದ್ದರಿಂದ ಸಾದಾ ಹಾಳೆಯೇ ಸಾಕು.

ರೆಕ್ಕೆಯ ನಕ್ಷೆಯನ್ನು ಸರಿಯಾಗಿ ಎಳೆಯಲೆಂದು ವಾಪಿಟಿಯ ಹುಟ್ಟಿನ ಬಗೆಗೆ ಓದತೊಡಗಿದಾಗ ನಾನು ಎಣಿಸದೆ ಇದ್ದ ಒಂದು ಸಂಗತಿ ಎದುರಾಯಿತು. ಈ ರೆಕ್ಕೆ ವಾಪಿಟಿಗೆಂದು ಹುಟ್ಟಿದ್ದೇ ಅಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಡಿ.ಎಚ್.೯ಎ ಎಂಬ ಬಾಂಬರ್ ವಿಮಾನ ಬ್ರಿಟನ್ನಿನಲ್ಲಿ ತಯಾರಾಯಿತು. ಯುದ್ಧ ಮುಗಿದ ಮೇಲೆ ಅದರ ಬಿಡಿಭಾಗಗಳು ಉಗ್ರಾಣಗಳಲ್ಲಿ ರಾಶಿಯಾಗಿ ಉಳಿದವು. ೧೯೨೭ರಲ್ಲಿ ಅದರ ಬದಲಿಗೆ ಹೊಸದೊಂದು ವಿಮಾನ ಬೇಕೆಂದು ಬ್ರಿಟಿಷ್ ವಾಯು ಇಲಾಖೆ ಕೇಳಿದಾಗ, ಮಿತವ್ಯಯದ ದೃಷ್ಟಿಯಿಂದ, ಹಳೆಯ ಡಿ.ಎಚ್.೯ಎ ಭಾಗಗಳನ್ನು ಸಾಧ್ಯವಾದಷ್ಟು ಬಳಸಬೇಕೆಂದು ಬಯಸಿತು. ಡಿ.ಎಚ್.೯ಎ ವಿನ್ಯಾಸದ ಕೆಲಸದಲ್ಲಿ ಮೊದಲಿನಿಂದಲೂ ಪಳಗಿದ್ದ ವೆಸ್ಟ್‌ಲ್ಯಾಂಡ್ ಸಂಸ್ಥೆ ಅದರ ರೆಕ್ಕೆಗಳನ್ನು ತೆಗೆದುಕೊಂಡು, ಹೆಚ್ಚು ಅಗಲವೂ ಆಳವೂ ಆದ ಹೊಸ ಒಡಲಿಗೆ ಜೋಡಿಸಿ, ಮೂಗಿಗೆ ಬ್ರಿಸ್ಟಲ್ ಜುಪಿಟರ್ ಎಂಜಿನ್ ಕೂಡಿಸಿ ವಾಪಿಟಿಯನ್ನು ಮಾಡಿತು. ಮೊದಲ ವಾಪಿಟಿಯ ಒಡಲಿನಲ್ಲಿ ನಕ್ಷೆಯ ತಪ್ಪಿನಿಂದ ಎರಡು ಅಡಿಯ ಒಂದು ತುಂಡೇ ಬಿಟ್ಟುಹೋಗಿತ್ತೆಂಬ ಕಥೆ ವಿಮಾನಶಾಸ್ತ್ರದ ಬಳಗದಲ್ಲಿ ಪ್ರಸಿದ್ಧವಾಗಿದೆ. ಅದು ನಿಜವಾದರೆ, ಅಷ್ಟಾದರೂ ಹಾರಿತಲ್ಲ ಎಂದು ಮೆಚ್ಚಬೇಕು. ಮುಂದಿನ ವಾಪಿಟಿಗಳಲ್ಲಿ ಮರದ ಹಂದರಕ್ಕೆ ಬದಲಾಗಿ ಲೋಹ ಬಂದರೂ ರೆಕ್ಕೆಯ ಆಕಾರ ಬದಲಾಗಲಿಲ್ಲ. ಐನೂರಕ್ಕೂ ಹೆಚ್ಚು ವಾಪಿಟಿಗಳು ತಯಾರಾದವು. ನಮ್ಮ ಸ್ಕ್ವಾಡ್ರನ್ ಸ್ಥಾಪನೆಯಾದ ಎರಡೇ ದಿನಕ್ಕೆ, ೧೯೩೩ರ ಏಪ್ರಿಲ್ ೩ರಂದು, ಬಿಹಾರದ ಪೂರ್ಣಿಯಾದಿಂದ ಹೊರಟು ಎವರೆಸ್ಟ್ ಶಿಖರದ ಮೇಲೆ ಪ್ರಥಮವಾಗಿ ಹಾರಿದ ಎರಡು ವಿಮಾನಗಳಲ್ಲಿ ಒಂದು ವಾಪಿಟಿಯ ನೇರ ಸಂತಾನವೇ.

ಡಿ.ಎಚ್.೯ಎ ರೆಕ್ಕೆಯ ಹರವು ೪೫ ಅಡಿ ೧೧ ಅಂಗುಲ. ವಾಪಿಟಿಗೂ ಅದಕ್ಕೂ ಆರು ಅಂಗುಲದ ಅಂತರ. ನನ್ನ ಪ್ರಮಾಣದಲ್ಲಿ ಮೂರು ಮಿಲಿಮೀಟರ್. ಎಂದರೆ ಮೇಜಿನ ಮೇಲಿದ್ದ ನನ್ನ ಅಚ್ಚಿನಿಂದ ಡಿ.ಎಚ್.೯ಎ ರೆಕ್ಕೆಯನ್ನೂ ಎಳೆಯಬಹುದಿತ್ತು.

ಆದರೆ ಡಿ.ಎಚ್.೯ಎಯಿಂದ ನನಗಾಗಬೇಕಾದ್ದೇನು? ಅದನ್ನು ಮೊದಲು ಪಡೆದದ್ದು ಬ್ರಿಟನ್ನಿನ ೧೧೦ನೆಯ ಸ್ಕ್ವಾಡ್ರನ್. ೧೯೧೭ರ ನವೆಂಬರಿನಲ್ಲಿ ರಚನೆಯಾದ ಆ ದಳ ೧೯೧೮ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಗೆ ತೆರಳಿ, ಹಗಲು ಹೊತ್ತಿನಲ್ಲಿ ಜರ್ಮನಿಯ ಊರುಗಳ ಮೇಲೆ ದಾಳಿ ಮಾಡಿತು. ಅದರ ವಿಮಾನಗಳನ್ನು ಕೊಡುಗೆಯಾಗಿ ಕೊಟ್ಟವರು ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿಖಾನರು. ವಿಮಾನಗಳ ಒಡಲಿನ ಮೇಲೆ ಇದು ನಿಜಾಮರ ಕೊಡುಗೆಯೆಂದು ಬರೆಯಲಾಗಿತ್ತು. ದಳಕ್ಕೂ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು ಬಂತು. ೧೯೧೯ರಲ್ಲಿ ಅದನ್ನು ವಿಸರ್ಜಿಸಿದರೂ ೧೯೩೭ರಲ್ಲಿ ಮತ್ತೆ ಕಟ್ಟಿದಾಗ ಅದೇ ಹೆಸರು ಅದಕ್ಕೆ ಉಳಿಯಿತು. ಆಗ ಅದಕ್ಕೆ ಕೊಟ್ಟದ್ದು ಹಾಕರ್ ಹಿಂಡ್ ಎಂಬ, ಅದೂ ಎರಡು ಜೊತೆ ರೆಕ್ಕೆಯ, ಬಾಂಬರ್.

ಸೇಡಂ, ಚಿತ್ತಾಪುರ, ಚಿಂಚೋಳಿಗಳು ಅಂದು ಯಾವ ರಾಜ್ಯದಲ್ಲಿದ್ದವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗುಲ್ಬರ್ಗಾ ಜಿಲ್ಲೆ ನಿಜಾಮರ ರಾಜ್ಯದ ಭಾಗವಾಗಿತ್ತು. ೧೯೪೮ರ ಸೆಪ್ಟೆಂಬರ್ ೧೭ರವರೆಗೂ ಹಾಗೆಯೇ ಇತ್ತು. ಆ ರಾಜ್ಯದ ಮುಖ್ಯ ಆದಾಯ ಭೂಕಂದಾಯ. ಅರಸರ ಸ್ವಂತ ಖರ್ಚಿಗೆಂದು ಮೀಸಲಾಗಿದ್ದ ಸರ್ಫ್-ಎ-ಖಾಸ್ ಎಂಬ ಪ್ರದೇಶದ ಆದಾಯವೂ ರೈತರ ಹೊಲಗಳಿಂದಲೇ ಬರುತ್ತಿತ್ತು. ರೂಪಾಯಿ ಯಾವ ಪೆಟ್ಟಿಗೆಯಿಂದ ಹೊರಬಿತ್ತೆಂದು ಕೇಳುವುದರಲ್ಲಿ ಅರ್ಥವಿಲ್ಲ, ಎರಡು ಪೆಟ್ಟಿಗೆಗಳಿಗೂ ಬಂದದ್ದು ಒಂದೇ ಕಡೆಯಿಂದ. ಆ ೧೯೧೮ರ ಮಳೆಗಾಲ ಭಾರತದಲ್ಲೆಲ್ಲ ಕೈಕೊಟ್ಟಿತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಜ್ವರ ದಖ್ಖನ್ನಿನ ಊರೂರುಗಳನ್ನು ಬಡಿಯಿತು. ಹೈದರಾಬಾದಿನ ಹೆಸರು ಹೊತ್ತ ವಿಮಾನಗಳು ಯೂರೋಪಿನ ಆಕಾಶದಲ್ಲಿದ್ದ ದಿನಗಳೂ ಇವೇ.

ಆ ವಿಮಾನಗಳಲ್ಲಿ ಒಂದು ಇನ್ನೂ ಉಳಿದಿದೆ. ಎಫ್.೧೦೧೦ ಎಂಬ ಸಂಖ್ಯೆಯ ಆ ವಿಮಾನವು ೧೯೧೮ರ ಅಕ್ಟೋಬರ್ ೫ರಂದು ಜರ್ಮನರ ಕೈಗೆ ಸಿಕ್ಕಿತು. ಅವರು ಅದನ್ನು ಬರ್ಲಿನ್ನಿನ ಸಂಗ್ರಹಾಲಯದಲ್ಲಿಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಪೋಲೆಂಡಿಗೆ ಸಾಗಿತು. ೧೯೭೭ರಲ್ಲಿ ಪೋಲೆಂಡಿನವರು ಒಂದು ಸ್ಪಿಟ್‌ಫೈರ್ ವಿಮಾನವನ್ನು ಪಡೆದು ಇದನ್ನು ಬಿಟ್ಟುಕೊಟ್ಟರು. ಈಗ ಅದು ಲಂಡನ್ನಿನ ಹೆಂಡನ್ನಿನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ ನಿಂತಿದೆ. ವಾಪಿಟಿಯೂ ಒಂದು ಉಳಿದಿದೆ, ದೆಹಲಿಯ ಪಾಲಂನಲ್ಲಿ, ನಮ್ಮ ವಾಯುಪಡೆಯ ಸಂಗ್ರಹದಲ್ಲಿ. ಲಂಡನ್ನಿನದಕ್ಕೂ ದೆಹಲಿಯದಕ್ಕೂ ರೆಕ್ಕೆಯ ರೂಪ ಒಂದೇ ಎಂಬುದು, ಎರಡರ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳತೆಪಟ್ಟಿ ಹಿಡಿದಾಗ ಕಣ್ಣಿಗೆ ಕಟ್ಟಿತು.

ಅಲ್ಲಿಂದ ಮುಂದೆ ಒಂದು ಮಾದರಿ ಎರಡಾಯಿತು. ಇನ್ನೆರಡು ಎಳೆತಗಳಿಗೆ ಮತ್ತೆರಡು ಹಾಳೆ ಸಾಕು. ಹಾಳೆ ಬರುತ್ತಿದ್ದದ್ದು ಹೈದರಾಬಾದಿನಿಂದ, ರೈಲಿನಲ್ಲಿ. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಸಿಕಂದರಾಬಾದಿಗೆ ಹೋಗುವ ಈ ಹಳಿ ೧೮೭೪ರಲ್ಲಿ ನಿಜಾಮರ ರಾಜ್ಯಕ್ಕೆಂದು ಹಾಕಿದ್ದೇ. ಒಡಲು ಮಾತ್ರ ಬೇರೆಯಾಗಿ ಕೆತ್ತಬೇಕಾಯಿತು. ಡಿ.ಎಚ್.೯ಎ ವಿಮಾನದ್ದು ೧೨ ಸಿಲಿಂಡರುಗಳ ಲಿಬರ್ಟಿ ಎಂಜಿನ್, ೪೦೦ ಅಶ್ವಶಕ್ತಿಯದು, ಒಡಲಿನೊಳಗೆ ಹುದುಗಿದ್ದು. ಮುಂದೆ ಮೋಟಾರಿನದರಂಥ ಚೌಕನೆಯ ದೊಡ್ಡ ರೇಡಿಯೇಟರ್.

ಹಾಳೆಯಿಂದ ಭಾಗಗಳನ್ನು ಬಿಡಿಸುವುದು ತಾಳ್ಮೆಯ ಕೆಲಸ. ಸುತ್ತಲೂ ಪೆನ್ಸಿಲ್ ಗೆರೆ ಎಳೆದು, ಚೂರಿಯಿಂದ ಗೀರಿ, ಮುರಿದು ತೆಗೆದ ಮೇಲೆ ಅಂಚಿನಲ್ಲಿ ಉಳಿದ ದಪ್ಪವನ್ನು ನೀರಿನ ಉಜ್ಜುಕಾಗದದ ಮೇಲೆ ಗೆರೆಯವರೆಗೆ ಉಜ್ಜಬೇಕು. ಕಾಗದದ ಕೆಳಗಿನ ನೆಲ ಎಷ್ಟು ಸಮತಟ್ಟೋ ಒಡಲಿನ ಎರಡು ಹೋಳುಗಳ ಕೂಡಿಕೆ ಅಷ್ಟು ಚೆನ್ನ. ಪರದೇಶದ ಪುಸ್ತಕಗಳಲ್ಲಿ ಇದಕ್ಕೆ ದಪ್ಪ ಗಾಜನ್ನು ಹೇಳುತ್ತಾರೆ. ನಾವು ಶಹಾಬಾದಿನ ಕಲ್ಲಿನ ನಾಡಿನವರು. ಪದರ ಪದರವಾಗಿ ಏಳುವ ಈ ಸುಣ್ಣದ 'ಫರ್ಸಿ' ಕಲ್ಲನ್ನು ಪಾಲಿಶ್ ಮಾಡಿದರೆ ಗಾಜಿಗೇನೂ ಕಡಿಮೆಯಿಲ್ಲ. ಮೇಲಾಗಿ ಭಾರದಿಂದಾಗಿ ಜರುಗುವುದೂ ಇಲ್ಲ. ಕಲ್ಲಿನ ಕೆಲಸದಲ್ಲೇ ಇರುವ ನಮ್ಮ ಅಪ್ಪ ನಾಲ್ಕು ಫರ್ಸಿಗಳ ಮೇಲೆ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ, ಅಡಿಯಿಂದ ಬೆಳಕು ಸೋರುವುದೇನೋ ಎಂದು ಬಗ್ಗಿ ನೋಡಿ, ಒಂದನ್ನು ಆರಿಸಿ ಕೊಟ್ಟರು. "ಇದರ ಮ್ಯಾಲ ಉಜ್ಜು. ಕಲ್ಲ ಸುಳ್ಳ ಹೇಳಾಂಗಿಲ್ಲ" ಎಂದರು. ರೆಕ್ಕೆಯ ಹಿಂಬದಿಯ ಅಂಚು ಕಾಗದದಷ್ಟು ತೆಳುವಾಗಲು ಒಳಮೈಯನ್ನು ಉಜ್ಜಬೇಕು. ಹೊರಮೈಯ ದಾರದ ಗುರುತುಗಳಿಗೆ ಕೈ ತಗಲಿಸಕೂಡದು.

ಅಂಟಿಸುವುದಕ್ಕೆ ಬಣ್ಣದ ಅಂಗಡಿಯ ಥಿನ್ನರ್ ಸಾಕು. ಅದು ಪಾಲಿಸ್ಟೈರೀನನ್ನು ಕರಗಿಸಿ ಎರಡನ್ನು ಒಂದು ಮಾಡುತ್ತದೆ. ಆ ಆವಿಯೂ ಕಾದ ಹಾಳೆಯ ಹೊಗೆಯೂ ಒಳ್ಳೆಯದಲ್ಲ. ಕಿಟಕಿ ತೆರೆದಿರಬೇಕು, ಬೆಂಕಿ ಹತ್ತಿರವಿರಬಾರದು, ಹಾಳೆಯನ್ನು ವಿದ್ಯುತ್ ಒಲೆಯ ಮೇಲೆಯೇ ಕಾಯಿಸಬೇಕು. ತೆಳ್ಳನೆಯ ಒಡಲು ಬೆರಳಿಗೆ ಒಳಕ್ಕೆ ತಗ್ಗದಿರಲೆಂದು ಒಳಗೆ ಅಡ್ಡಗೋಡೆಗಳನ್ನೂ, ರೆಕ್ಕೆಗಳ ಒಳಗೆ ಉದ್ದಕ್ಕೆ ತೊಲೆಯನ್ನೂ ಕೂಡಿಸಬೇಕು. ಮೂಲ ವಿಮಾನದಲ್ಲಿಯೂ ತೊಲೆ ಅದೇ ಸ್ಥಳದಲ್ಲಿ, ಅದೇ ಕಾರಣಕ್ಕೆ ಇತ್ತು.

ಜುಪಿಟರ್ ಎಂಜಿನ್ನಿನ ಒಂಬತ್ತು ಸಿಲಿಂಡರುಗಳು ಎಲ್ಲಕ್ಕಿಂತ ಹೆಚ್ಚು ದಿನ ತೆಗೆದುಕೊಂಡವು. ೩೬೦ ಡಿಗ್ರಿಯನ್ನು ಒಂಬತ್ತಕ್ಕೆ ಹಂಚಿದರೆ ನಡುವಿನ ಕೋನ ೪೦. ಅಗರಬತ್ತಿಯ ಕಡ್ಡಿಗೆ ಹೊಲಿಗೆಯ ದಾರವನ್ನು ಒತ್ತಾಗಿ ಸುತ್ತಿದರೆ ಗಾಳಿಯಿಂದ ತಂಪಾಗಲು ಮಾಡಿದ ಆ ಲೋಹದ ಏಣುಗಳ ಹಾಗೆಯೇ ಕಾಣುತ್ತದೆ. ರೆಕ್ಕೆಗಳ ನಡುವಿನ ಕಂಬಗಳು ಬಿದಿರಿನ ಸೀಳುಗಳು. ಕೆಳಗಿನ ರೆಕ್ಕೆಗಿಂತ ಮೇಲಿನದು ತುಸು ಮುಂದಕ್ಕಿರುವುದರಿಂದ, ರಟ್ಟಿನ ಗೂಡೊಂದನ್ನು ಕತ್ತರಿಸಿ ಎರಡನ್ನೂ ಅದರಲ್ಲಿ ನಿಲ್ಲಿಸಿದ ಮೇಲೆಯೇ ಕಂಬಗಳನ್ನು ಕೂಡಿಸಬೇಕು. ತಂತಿಗಳಿಗೆ ಸುಟ್ಟ ಮೋಟರಿನ ವೈಂಡಿಂಗಿನಿಂದ ಬಿಚ್ಚಿದ ತೆಳ್ಳನೆಯ ತಾಮ್ರವನ್ನು ಬಳಸಿದೆ. ತಂತಿ ಕಟ್ಟುವವರೆಗೆ ಮಾದರಿ ಮುಟ್ಟಿದರೆ ಅಲುಗುತ್ತಿತ್ತು, ಕಟ್ಟಿದ ಮೇಲೆ ಒಂದು ರೆಕ್ಕೆಯನ್ನು ಹಿಡಿದು ಎತ್ತಿದರೂ ಇಡೀ ವಿಮಾನ ಗಟ್ಟಿಯಾಗಿ ಎದ್ದು ಬರುತ್ತದೆ. ಎರಡು ರೆಕ್ಕೆಗಳನ್ನು ಒಂದೇ ತೊಲೆಗಟ್ಟಿನಂತೆ ಮಾಡುವ ಉಪಾಯವೇ ಆ ತಂತಿಗಳು ಎಂಬುದು ಹೀಗೆ ಬೆರಳಿಗೇ ತಿಳಿಯಿತು.

ಬಣ್ಣದ ವಿಷಯಕ್ಕೆ ಬಂದಾಗ ಗೆಳೆಯರಲ್ಲಿ ವಾದವೆದ್ದಿತು. ವಾಪಿಟಿಯದು ಬೆಳ್ಳಿಯ ಬಣ್ಣ, ಮೇಲೆ ಕೆಂಪು-ಬಿಳಿ-ನೀಲಿಯ ಬ್ರಿಟಿಷ್ ಚಕ್ರಗುರುತು. ಭಾರತೀಯ ವಾಯುಪಡೆಯ ಮೊದಲ ವಿಮಾನಕ್ಕೆ ತ್ರಿವರ್ಣವನ್ನೇ ಬರೆಯೆಂದರು ಕೆಲವರು. ೧೯೩೩ರಲ್ಲಿ ಇಲ್ಲದ್ದನ್ನು ಬರೆಯುವುದಾದರೆ ಅಷ್ಟು ಹೊತ್ತು ಮಿಲಿಮೀಟರ್ ಅಳೆದದ್ದಾದರೂ ಏತಕ್ಕೆ? ಡಿ.ಎಚ್.೯ಎ ವಿಮಾನದ ಮೇಲಿನ ಬರಹದ ವಿಷಯ ಇನ್ನೂ ಕಠಿಣ. ಚಿತ್ತಾಪುರದ ಕಡೆಯ ಗೆಳೆಯನೊಬ್ಬನ ಮನೆಯಲ್ಲಿ ರಜಾಕಾರರ ಹಾವಳಿಯ ನೆನಪು ಇನ್ನೂ ಮಾಸಿಲ್ಲ. "ನಿಜಾಮನ ಹೆಸರ ಬರ್ದು ನಮ್ಮ ಕಾಲೇಜಿನಾಗ ಇಡ್ತೀ ಏನು?" ಎಂದು ಅವನು ಕೇಳಿದ. ಇನ್ನೊಬ್ಬನು, "ರೊಕ್ಕ ಯಾರದು? ನಮ್ಮ ಮುತ್ಯಾಗೋಳದೇ ಅಲ್ಲೇನು? ಅಂದ ಮ್ಯಾಲ ವಿಮಾನಾನೂ ನಮ್ಮದೇ" ಎಂದ. ಎರಡನೆಯವನ ಮಾತಿಗೆ ಹೆಮ್ಮೆಪಡುವುದು ಸುಲಭ. ಆದರೆ ಕೊಟ್ಟವರನ್ನು ಯಾರೂ ಕೇಳಿರಲಿಲ್ಲ, ವಿಮಾನ ಹಾರಿದ್ದನ್ನು ಅವರು ಕಾಣಲೂ ಇಲ್ಲ. ಕೇಳದೆ ಪಡೆದ ಹಣದಲ್ಲಿ ಮಾಡಿದ ಕೊಡುಗೆಯನ್ನು ನಮ್ಮದೆಂದುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮೊದಲನೆಯವನ ನೋವನ್ನು ಅಲ್ಲಗಳೆಯಲಾರೆ. ಹಾಗೆಂದು ಬರಹವನ್ನು ಅಳಿಸಿದರೆ ಆ ಹಣ ಹೋದ ದಾರಿಯ ಗುರುತೇ ಅಳಿಯುತ್ತದೆ. ಆದುದರಿಂದ ಕೊಡುಗೆಯ ಆ ಬರಹವನ್ನು ಒಡಲಿನ ಮೇಲೆ ಬರೆದಿದ್ದೇನೆ. ಅಕ್ಷರಗಳ ಎತ್ತರ ಒಂದು ಮಿಲಿಮೀಟರಿಗಿಂತ ಕಡಿಮೆ. ಓದಬೇಕೆಂದವರು ಭೂತಗನ್ನಡಿ ಹಿಡಿಯಬೇಕು. ಮಾದರಿಯ ಕೆಳಗಿನ ಚೀಟಿಯಲ್ಲಿ ೧೯೧೮ರ ಬರವನ್ನೂ ಜ್ವರವನ್ನೂ ದೊಡ್ಡ ಅಕ್ಷರದಲ್ಲಿ ಬರೆದಿದೆ. ಚಿತ್ತಾಪುರದ ಗೆಳೆಯ ಚೀಟಿಯನ್ನು ಓದಿದ. ಒಪ್ಪಿದೆನೆಂದು ಇಂದಿಗೂ ಹೇಳಿಲ್ಲ.

ವಾಪಿಟಿಯ ಚೀಟಿಯೂ ಬರಿಯ ಹೊಗಳಿಕೆಯಲ್ಲ. ೧೯೨೦ರ ದಶಕದಲ್ಲಿ ಡಿ.ಎಚ್.೯ಎ, ಅದರ ಬಳಿಕ ವಾಪಿಟಿ, ವಾಯವ್ಯ ಗಡಿಯ ಬುಡಕಟ್ಟುಗಳ ಹಳ್ಳಿಗಳ ಮೇಲೆ ಬಾಂಬು ಹಾಕುವ ಕೆಲಸದಲ್ಲಿದ್ದವು. ಊರು ಬಿಟ್ಟು ಹೋಗಿರೆಂದು ಮೊದಲು ಕರಪತ್ರ ಚೆಲ್ಲುವುದು, ಗಡುವು ಮುಗಿದ ಮೇಲೆ ಬಾಂಬು ಹಾಕುವುದು, ಇದು ಕ್ರಮ. ವಿಮಾನ ಕೆಳಗಿಳಿಯಬೇಕಾಗಿ ಬಂದರೆ ತಮ್ಮನ್ನು ಜೀವಸಹಿತ ಮರಳಿಸಿದವರಿಗೆ ಬಹುಮಾನ ಸಿಗುವುದೆಂದು ಬರೆದ ಚೀಟಿಯನ್ನು ಹಾರುವವರು ಜೇಬಿನಲ್ಲಿಟ್ಟುಕೊಂಡಿರುತ್ತಿದ್ದರು. ೧೯೩೭ರಲ್ಲಿ ನಮ್ಮ ಮೊದಲನೆಯ ಸ್ಕ್ವಾಡ್ರನ್ನಿನ ತುಕಡಿಯೂ ಉತ್ತರ ವಜೀರಿಸ್ತಾನದ ಮೀರಾನ್‌ಶಾಹದಿಂದ ಇಂಥ ಕಾರ್ಯಾಚರಣೆಗೆ ಹಾರಿತು. ಒಳ್ಳೆಯ ವೈಮಾನಿಕರೆಂಬ ಕೀರ್ತಿಯನ್ನು ಭಾರತೀಯರು ಪಡೆದದ್ದು ಅಲ್ಲಿಯೇ. ಕೆಳಗಿನ ಹಳ್ಳಿಯವರ ಪಾಲಿಗೆ ಹಾರಿಸಿದವನು ಯಾರಾದರೇನು. ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆದಿದ್ದೇನೆ. ಬಾಂಬುಗಳನ್ನು ಕೆಳರೆಕ್ಕೆಯ ಅಡಿಗೆ ಅಂಟಿಸಿದ್ದೂ ಅದಕ್ಕಾಗಿಯೇ, ಮಾದರಿಯನ್ನು ಎತ್ತಿ ನೋಡಿದವರಿಗೆ ಕಾಣುತ್ತವೆ.

ವಾಪಿಟಿ ಪೂರ್ತಿಯಾಗಿದೆ. ಡಿ.ಎಚ್.೯ಎ ವಿಮಾನಕ್ಕೆ ಬಾಲದ ತಂತಿಗಳೂ ಒಂದು ಚಕ್ರವೂ ಬಾಕಿ. ಅಚ್ಚುಗಳನ್ನು ನಂಬರು ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಟ್ಯಾಂಕು, ಪಂಪುಗಳೂ ಜೊತೆಗಿವೆ. ರೆಕ್ಕೆಯ ಅಚ್ಚಿನ ಮೇಲಿನ ದಾರ ನಾಲ್ಕು ಎಳೆತಗಳ ಬಳಿಕವೂ ಗಟ್ಟಿಯಾಗಿದೆ. ಮುಂದಿನ ವರ್ಷದವರು ಯಾರಾದರೂ ಮತ್ತೊಂದನ್ನು ಮಾಡಬಯಸಿದರೆ ಜುಪಿಟರ್ ಎಂಜಿನ್ನಿನ ಸಿಲಿಂಡರುಗಳನ್ನು ಮಾತ್ರ ಹೊಸದಾಗಿ ಸುತ್ತಿಕೊಳ್ಳಬೇಕಾಗುತ್ತದೆ.